ತೊಳೆಯದೆ ಉಳಿದ ರೋಲು

ಐದು ಜನರಿದ್ದ ಆ ಮನೆಗೆ ಇದ್ದದ್ದು ಒಂದೇ ಬಚ್ಚಲು. ಸ್ನಾನವೂ ಅಲ್ಲೇ, ಕಕ್ಕಸೂ ಅಲ್ಲೇ, ಫಿಲ್ಮ್ ತೊಳೆಯುವ ಕತ್ತಲೆ ಕೋಣೆಯೂ ಅದೇ. ಬಾಗಿಲಿನ ಒಳಬದಿಗೆ ಫೋಟೋಗ್ರಾಫರ್ ಎರಡು ಪದರದ ಕರಿ ಬಟ್ಟೆ ಹೊಡೆದಿದ್ದ. ಹೊರಬದಿಗೆ ಅವನ ಹೆಂಡತಿ ಒಂದು ಟೈಮ್‌ಟೇಬಲ್ ಅಂಟಿಸಿದ್ದಳು. ಅದರ ಪ್ರಕಾರ ಬೆಳಿಗ್ಗೆ ಮೊದಲು ಅತ್ತೆಗೆ, ಎಂಟರ ತನಕ ಮಗನಿಗೆ, ಮಧ್ಯಾಹ್ನ ಎರಡರಿಂದ ನಾಲ್ಕು ಗಂಡನಿಗೆ, ಯಾರಿಗೂ ಬೇಡವಾದಾಗ ತನಗೆ. ಅಜ್ಜಿಯ ಮೂತ್ರಕೋಶ ಮಾತ್ರ ಆ ಟೈಮ್‌ಟೇಬಲ್ ಓದಿರಲಿಲ್ಲ.

"ಏನೋ, ಒಳಗೆ ನಿದ್ದೆ ಹೋದ್ಯಾ?" ಎಂದು ಅಜ್ಜಿ ಊರುಗೋಲಿನಿಂದ ಬಾಗಿಲು ಕುಟ್ಟುತ್ತಿದ್ದಳು.

"ಇನ್ನು ನಾಲ್ಕೇ ನಿಮಿಷ ಅಮ್ಮ, ಈಗ ತೆಗೆದ್ರೆ ಎಲ್ಲಾ ಹೋಯ್ತು!" ಎಂದು ಅರವತ್ತರ ಮಗ ಒಳಗಿನಿಂದ ಗೋಗರೆಯುತ್ತಿದ್ದ.

"ನಿನಗೆ ಎಲ್ಲಾ ಹೋಗುತ್ತೆ, ನನಗೆ ಇಲ್ಲೇ ಹೋಗುತ್ತೆ ಕಣೋ!"

ಊರೆಲ್ಲ ಫೋನಿನಲ್ಲೇ ಫೋಟೋ ತೆಗೆದುಕೊಳ್ಳುತ್ತಿದ್ದ ಕಾಲದಲ್ಲೂ ಆತ ಫಿಲ್ಮ್ ಬಿಟ್ಟು ಬೇರೆ ಯಾವುದಕ್ಕೂ ಕೈ ಹಾಕಿದವನಲ್ಲ. ಬೀದಿಯವರು ಅವನನ್ನು ನೆಗೆಟಿವಣ್ಣ ಎಂದು ಕರೆಯುತ್ತಿದ್ದರು. ಹೆಂಡತಿ ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಮಗ ಸಮಾರಂಭಗಳ ವಿಡಿಯೋ ತೆಗೆದು ಊಟದ ಮೇಜಿನ ಮೇಲೇ ಕಂಪ್ಯೂಟರ್ ಹರವಿಕೊಂಡು ಕತ್ತರಿಸಿ ಜೋಡಿಸುತ್ತಿದ್ದ. ಅಪ್ಪನಿಗೂ ಮಗನಿಗೂ ಒಂದೇ ಕಸುಬು ಎಂದು ಯಾರಾದರೂ ಅಂದರೆ ಇಬ್ಬರಿಗೂ ಸಿಟ್ಟು ಬರುತ್ತಿತ್ತು.

ಐದನೆಯವಳು ಮಗಳು. ಅವಳ ಗಂಡ ಸರಕು ಹಡಗಿನಲ್ಲಿ ಅಡುಗೆಯವನಾದ್ದರಿಂದ ಬಸುರಿ ಹೆಂಗಸು ಒಬ್ಬಳೇ ಇರಬಾರದೆಂದು ಇಲ್ಲಿಗೆ ಬಂದಿದ್ದಳು. ಏಳನೇ ತಿಂಗಳಿಗೇ ಹೆರಿಗೆಯಾಯಿತು. ಹೆಣ್ಣು ಮಗು. ಆಸ್ಪತ್ರೆಯವರು ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಆ ವಾರ್ಡಿಗೆ ತಾಯಿಯನ್ನು ಬಿಟ್ಟು ಯಾರಿಗೂ ಪ್ರವೇಶವಿರಲಿಲ್ಲ; ಫೋನುಗಳನ್ನು ಬಾಗಿಲ ಬಳಿಯೇ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಹಡಗು ದಡ ಮುಟ್ಟಲು ಇನ್ನೂ ಹತ್ತು ವಾರವಿತ್ತು. ಅಳಿಯ ದಿನಕ್ಕೆರಡು ಸಲ ಫೋನ್ ಮಾಡಿ ಮಗು ಹೇಗಿದೆ ಎಂದು ಕೇಳುವುದು, ಮಗಳು ಕೈಯಲ್ಲಿ ಅಳತೆ ತೋರಿಸಿ ಆಮೇಲೆ ಅದು ಫೋನಿನಲ್ಲಿ ಕಾಣುವುದಿಲ್ಲವೆಂದು ನೆನಪಾಗಿ ಅಳುವುದು, ಹೀಗೆ ಎಂಟು ದಿನ ಕಳೆಯಿತು.

ಆ ವಾರ್ಡಿನ ಹಿರಿಯ ಸಿಸ್ಟರ್‌ಳ ಮದುವೆಯ ಫೋಟೋ ತೆಗೆದವನು ಇದೇ ಫೋಟೋಗ್ರಾಫರ್. ಆ ಋಣಕ್ಕೆ ಅವಳು ಒಪ್ಪಿದಳು. "ನಾಳೆ ಮಧ್ಯಾಹ್ನ ಹದಿನೈದು ನಿಮಿಷ. ಒಂದೇ ಸಲ. ಫ್ಲ್ಯಾಶ್ ಹಾಕೋ ಹಾಗಿಲ್ಲ. ಡಾಕ್ಟರಿಗೆ ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ ಸರ್."

ಮರುದಿನ ಬೆಳಿಗ್ಗೆ ಬ್ರೆಡ್ಡು, ಮೊಟ್ಟೆಯ ತಟ್ಟೆಗಳ ನಡುವೆ ಮಗ ತನ್ನ ಡಿಜಿಟಲ್ ಕ್ಯಾಮೆರಾವನ್ನು ತಂದಿಟ್ಟ.

"ಅಪ್ಪ, ಇದೊಂದ್ಸಲ ನನ್ನ ಮಾತು ಕೇಳಿ. ಇದನ್ನ ತಗೊಂಡು ಹೋಗಿ. ತೆಗೆದ ತಕ್ಷಣ ಕಾಣುತ್ತೆ. ಸರಿ ಬರ್ಲಿಲ್ಲ ಅಂದ್ರೆ ಇನ್ನೊಂದು ತೆಗೀಬಹುದು. ಸಂಜೆಯೊಳಗೆ ಭಾವನಿಗೆ ಕಳಿಸಬಹುದು."

"ತಕ್ಷಣ ಕಾಣೋದೇ ಅದರ ರೋಗ," ಎಂದ ಫೋಟೋಗ್ರಾಫರ್, ಬ್ರೆಡ್ಡಿಗೆ ಬೆಣ್ಣೆ ಸವರುತ್ತ. "ಆಮೇಲೆ ನೀನು ತೆಗೆದದ್ದನ್ನೇ ನೋಡ್ತಾ ಕೂತ್ಕೋತೀಯ. ಎದುರಿಗಿರೋದನ್ನ ಯಾರು ನೋಡ್ತಾರೆ? ಮೂವತ್ತಾರೇ ಇದೆ ಅಂತ ಗೊತ್ತಿದ್ರೆ ಮೂವತ್ತಾರು ಸಲ ಸರಿಯಾಗಿ ನೋಡ್ತೀವಿ."

"ಸರಿ, ಎರಡೂ ತಗೊಂಡು ಹೋಗಿ."

"ಹದಿನೈದು ನಿಮಿಷದಲ್ಲಿ ಎರಡು ಕ್ಯಾಮೆರಾ ಹಿಡ್ಕೊಂಡು ಸರ್ಕಸ್ ಮಾಡ್ಲಾ? ನಿನ್ನ ಕಾರ್ಡಲ್ಲಿರೋದು ನಾಳೆ ಅಳಿಸಿ ಹೋಗುತ್ತೆ. ನೆಗೆಟಿವ್ ನಮ್ಮೆಲ್ಲರಿಗಿಂತ ಹೆಚ್ಚು ದಿನ ಇರುತ್ತೆ. ಮಗು ದೊಡ್ಡವಳಾದ ಮೇಲೆ ಬೆಳಕಿಗೆ ಹಿಡಿದು ನೋಡ್ಕೋತಾಳೆ, ಇದು ನಾನು ಅಂತ. ಅದೂ ಅಲ್ದೆ ಫಿಲ್ಮಿಗೆ ಸುಳ್ಳು ಹೇಳೋಕೆ ಬರಲ್ಲ. ಅಲ್ಲಿ ಏನಿತ್ತೋ ಅದೇ ಬರುತ್ತೆ."

"ಬಿಡೋ," ಎಂದಳು ತಾಯಿ. "ನಿಮ್ಮಪ್ಪನ ಹತ್ರ ವಾದ ಮಾಡಿ ಯಾರು ಗೆದ್ದಿದ್ದಾರೆ? ಮೊಟ್ಟೆ ಆರಿ ಹೋಗ್ತಿದೆ, ತಿನ್ನು."

ಮಗ ಕ್ಯಾಮೆರಾ ಎತ್ತಿಕೊಂಡು ಎದ್ದು ಹೋದ. ಮೊಟ್ಟೆ ಮುಟ್ಟಲಿಲ್ಲ.

ವಾರ್ಡಿನ ಹೊರಗಿನ ಕಾರಿಡಾರಿನಲ್ಲಿ ಸಿಸ್ಟರ್ ಫೋಟೋಗ್ರಾಫರನಿಗೆ ನೀಲಿ ಗೌನು ತೊಡಿಸಿದಳು, ಬಾಯಿಗೆ ಮಾಸ್ಕ್ ಕಟ್ಟಿದಳು, ಕೈಗೆ ರಬ್ಬರ್ ಗ್ಲೌಸ್ ಕೊಟ್ಟಳು. ಗ್ಲೌಸ್ ಹಾಕಿಕೊಂಡ ಮೇಲೆ ಅವನಿಗೆ ನೆನಪಾಯಿತು, ಕ್ಯಾಮೆರಾದೊಳಗೆ ಹಳೆಯ ರೋಲಿನ ಎರಡೇ ಫ್ರೇಮು ಉಳಿದಿವೆಯೆಂದು. ಅದನ್ನು ಸುತ್ತಿ ತೆಗೆದು ಹೊಸದನ್ನು ಹಾಕಿದ. ಫಿಲ್ಮಿನ ತುದಿಗೆ ನಾಲಿಗೆಯಂತೆ ಒಂದು ಚೂರು ಹೊರಗಿರುತ್ತದೆ. ಅದನ್ನು ಎದುರಿನ ಉರುಳೆಯ ಸೀಳಿಗೆ ಸಿಕ್ಕಿಸಬೇಕು. ನಲವತ್ತು ವರ್ಷದಿಂದ ಆತ ಅದನ್ನು ನೋಡದೆ, ಬರೀ ಬೆರಳಿನಿಂದಲೇ ಮಾಡುತ್ತಿದ್ದ. ಅದು ಅವನ ಜಂಬ. ಅಂದು ಬೆರಳು ರಬ್ಬರಿನೊಳಗಿತ್ತು, ಕಣ್ಣು ಬಾಗಿಲಿನ ಗಾಜಿನಾಚೆ ಕಾಣುತ್ತಿದ್ದ ಪೆಟ್ಟಿಗೆಯ ಮೇಲಿತ್ತು. ಸಿಕ್ಕಿಸಿದ, ಮುಚ್ಚಳ ಮುಚ್ಚಿದ, ಒಳಗೆ ಹೋದ.

ಮಗಳು ಪೆಟ್ಟಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. "ಅಪ್ಪ, ಬಂದ್ರಾ," ಎಂದಳು ಪಿಸುಮಾತಿನಲ್ಲಿ. ಅವನು ಕೆಲಸಕ್ಕಿಳಿದ. ಬಗ್ಗಿದ, ಮಂಡಿಯೂರಿದ, ಉಸಿರು ಹಿಡಿದು ಒಂದೊಂದೇ ತೆಗೆದ. ಲೆಕ್ಕದ ಮುಳ್ಳು ಮೂವತ್ತಾರಕ್ಕೆ ಬಂದಾಗ ಸರಿಯಾಗಿ ಸಿಸ್ಟರ್ ಅವನ ಭುಜ ಮುಟ್ಟಿದಳು. ಹೊರಡುವಾಗ ಮಗಳ ತಲೆ ಸವರಿ, "ತೆಗೆದಿದ್ದೀನಿ ಕಣಮ್ಮ, ಒಂದೂ ಹಾಳಾಗಿಲ್ಲ," ಎಂದ.

ಮನೆಗೆ ಬಂದು ಬಚ್ಚಲಿನ ಬಾಗಿಲು ಹಾಕಿಕೊಂಡು ರೋಲನ್ನು ಹಿಂದಕ್ಕೆ ಸುತ್ತಲು ಕೂತ. ಹಿಡಿಕೆ ಹಗುರವಾಗಿ ತಿರುಗಿತು. ಮೂವತ್ತಾರು ಫ್ರೇಮು ಸುತ್ತಿಕೊಂಡ ಫಿಲ್ಮ್ ವಾಪಸು ಬರುವಾಗ ಕೈಗೆ ಒಂದು ಎಳೆತ ಗೊತ್ತಾಗುತ್ತದೆ. ಆ ಎಳೆತ ಇರಲಿಲ್ಲ. ದೀಪ ಆರಿಸಿ, ಮುಚ್ಚಳ ತೆಗೆದು, ಕತ್ತಲಲ್ಲಿ ಬೆರಳಾಡಿಸಿದ. ಫಿಲ್ಮಿನ ನಾಲಿಗೆ ಸೀಳಿನಿಂದ ಜಾರಿ ಹೊರಗೇ ಇತ್ತು. ಒಂದು ಅಂಗುಲವೂ ಮುಂದೆ ಹೋಗಿರಲಿಲ್ಲ. ಮೂವತ್ತಾರು ಸಲ ಅವನು ಗುಂಡಿ ಒತ್ತಿದ್ದ, ಮೂವತ್ತಾರು ಸಲ ಕ್ಯಾಮೆರಾದೊಳಗಿನ ಬಾಗಿಲು ತೆರೆದು ಮುಚ್ಚಿತ್ತು, ಮಗುವಿನ ಬಿಂಬ ಎಲ್ಲೂ ಮೂಡಿರಲಿಲ್ಲ.

ಕಮೋಡಿನ ಮೇಲೆ ಹಾಗೇ ಕೂತ.

"ಏನೋ, ಬಂತಾ?" ಎಂದು ಹೊರಗಿನಿಂದ ಅಜ್ಜಿ ಕೇಳಿದಳು.

"ಈಗಲೇ ಗೊತ್ತಾಗಲ್ಲ ಅಮ್ಮ. ತೊಳೀಬೇಕು."

ಆಗಲೇ ಹೇಳಿಬಿಡಬಹುದಿತ್ತು. ಅವನೂ ಅದನ್ನೇ ಅಂದುಕೊಂಡು ಎರಡು ಸಲ ಚಿಲಕಕ್ಕೆ ಕೈ ಹಾಕಿದ. ಆದರೆ ಹೊರಗೆ ಊಟದ ಮೇಜಿನ ಹತ್ತಿರ ಮಗನಿದ್ದ, ಅವನ ಮುಂದೆ ಆ ಡಿಜಿಟಲ್ ಕ್ಯಾಮೆರಾ ಇತ್ತು. ನಾಳೆ ಸಿಸ್ಟರ್‌ಳ ಕಾಲು ಹಿಡಿದಾದರೂ ಇನ್ನೊಂದು ಹದಿನೈದು ನಿಮಿಷ ಕೇಳಿದರಾಯಿತು, ಆಗ ಯಾರಿಗೂ ಹೇಳುವ ಅಗತ್ಯವೇ ಇಲ್ಲ ಎಂದು ಲೆಕ್ಕ ಹಾಕಿದ. ಮರುದಿನ ಹೋದ. ಸಿಸ್ಟರ್ ಕೈ ಮುಗಿದು, "ಇವತ್ತು ದೊಡ್ಡ ಡಾಕ್ಟರ್ ಇದ್ದಾರೆ ಸರ್. ಭಾನುವಾರ ಬನ್ನಿ," ಎಂದಳು. ಮಗು ಶುಕ್ರವಾರ ಬೆಳಿಗ್ಗೆ ತೀರಿಕೊಂಡಿತು. ಅಂದಿಗೆ ಹನ್ನೊಂದು ದಿನ.

ಎಲ್ಲ ಮುಗಿಸಿಕೊಂಡು ಬಂದ ಮೇಲೆ ಆ ಮನೆಯಲ್ಲಿ ಮಾತು ಕಮ್ಮಿಯಾಯಿತು. ಹೊಲಿಗೆ ಯಂತ್ರ ಒಂದು ವಾರ ನಿಂತಿತ್ತು. ಮಗಳು ಅಜ್ಜಿಯ ಪಕ್ಕದಲ್ಲೇ ಮಲಗುತ್ತಿದ್ದಳು, ಎದ್ದರೆ ಕಿಟಕಿ ಹತ್ತಿರ ಕೂರುತ್ತಿದ್ದಳು. ಎದೆ ಹಾಲು ನಿಲ್ಲಲು ತಾಯಿ ಬಟ್ಟೆ ಬಿಗಿಯಾಗಿ ಕಟ್ಟುತ್ತಿದ್ದಳು. ಮಗಳು ಒಂದು ಮಾತನ್ನು ಮಾತ್ರ ದಿನವೂ ಕೇಳುತ್ತಿದ್ದಳು.

"ಅಪ್ಪ, ಯಾವಾಗ ತೊಳೀತೀರಿ?"

ರೋಲು ಫ್ರಿಜ್ಜಿನಲ್ಲಿ ಮೊಟ್ಟೆ ಇಡುವ ಗುಳಿಯೊಂದರಲ್ಲಿ ಕೂತಿತ್ತು. ಫೋಟೋಗ್ರಾಫರ್ ಮೊದಲ ವಾರ, ಡೆವಲಪರ್ ಹಳೆಯದಾಗಿದೆ, ಹೊಸದು ತರಿಸಬೇಕು ಎಂದ. ಎರಡನೆಯ ವಾರ, ನೀರು ಬಿಸಿಯಿದೆ, ಹವೆ ತಣ್ಣಗಾಗಲಿ ಎಂದ. ಮೂರನೆಯ ವಾರ ಏನೂ ಅನ್ನದೆ ಬರೀ ತಲೆಯಾಡಿಸಿದ. ಬೇರೆಯವರ ರೋಲುಗಳನ್ನು ಮಾತ್ರ ಅದೇ ಬಚ್ಚಲಲ್ಲಿ ಅದೇ ನೀರಿನಲ್ಲಿ ತೊಳೆಯುತ್ತಿದ್ದ. ಮಗಳು ಅದನ್ನು ನೋಡುತ್ತಿದ್ದಳು.

"ಅವನಿಗೆ ಧೈರ್ಯ ಇಲ್ಲ ಕಣೇ," ಎಂದಳು ಅಜ್ಜಿ, ಮೊಮ್ಮಗಳ ತಲೆ ಬಾಚುತ್ತ. "ಆ ಮುಖ ಮತ್ತೆ ನೋಡೋಕೆ ಎದೆ ಗಟ್ಟಿ ಬೇಕಲ್ವಾ. ಬಲವಂತ ಮಾಡಬೇಡ."

"ನಾನಿಲ್ವಾ ಅಜ್ಜಿ? ಚಿಕ್ಕವಳಿದ್ದಾಗಿಂದ ಅಪ್ಪನ ಜೊತೆ ಫಿಲ್ಮ್ ತೊಳೆಯೋ ಟ್ಯಾಂಕ್ ಅಲ್ಲಾಡಿಸಿದೋಳು ನಾನೇ. ಕೊಟ್ರೆ ನಾನೇ ತೊಳೀತೀನಿ."

ಅಡುಗೆಮನೆಯಲ್ಲಿದ್ದ ಫೋಟೋಗ್ರಾಫರನಿಗೆ ಇದು ಕೇಳಿಸಿತು. ಆ ಸಂಜೆಯೇ ರೋಲನ್ನು ಮೊಟ್ಟೆಯ ಗುಳಿಯಿಂದ ತೆಗೆದು ತನ್ನ ಅಂಗಿಯ ಜೇಬಿಗೆ ಹಾಕಿಕೊಂಡ.

ನಾಲ್ಕನೆಯ ವಾರ ಸಿನಿಮಾ ಮಾಡುವ ಹುಡುಗಿಯೊಬ್ಬಳು ಬಂದಳು. ತನ್ನ ರೋಲುಗಳನ್ನು ಅವನ ಹತ್ತಿರವೇ ತೊಳೆಸುತ್ತಿದ್ದವಳು. ಇನ್ನೂ ಫಿಲ್ಮಿನಲ್ಲೇ ಕೆಲಸ ಮಾಡುವವರ ಬಗ್ಗೆ ಒಂದು ಚಿಕ್ಕ ಚಿತ್ರ ಮಾಡುತ್ತಿದ್ದಳು, ಅದನ್ನೂ ಫಿಲ್ಮಿನಲ್ಲೇ. ಪುಟ್ಟ ಸಿನಿಮಾ ಕ್ಯಾಮೆರಾ ಮೇಜಿನ ಮೇಲಿಟ್ಟು ಅವನನ್ನು ಬಚ್ಚಲಿನ ಬಾಗಿಲ ಮುಂದೆ ಕೂರಿಸಿದಳು. ಮನೆಯವರೆಲ್ಲ ಸುತ್ತ ನಿಂತರು. ಅಜ್ಜಿ ಸೀರೆ ಸರಿ ಮಾಡಿಕೊಂಡಳು.

"ಒಂದು ರೀಲಿಗೆ ಮೂರು ನಿಮಿಷ ಸರ್, ಅಷ್ಟೇ ಇರೋದು," ಎಂದಳು ಹುಡುಗಿ.

"ಮೂರು ನಿಮಿಷಕ್ಕೆ ಇಷ್ಟು ಸಂಭ್ರಮವಾ!" ಎಂದ ಮಗ. "ನನ್ನ ಕ್ಯಾಮೆರಾ ಇಡೀ ದಿನ ಓಡುತ್ತೆ."

"ಅದಕ್ಕೇ ನಿಮ್ಮೆದುರಿಗೆ ಯಾರೂ ಸುಮ್ನಿರಲ್ಲ," ಎಂದು ಅವಳು ನಕ್ಕಳು. "ಇದು ಓಡೋಕೆ ಶುರುವಾದ್ರೆ ನಟರಿಂದ ಹಿಡಿದು ಚಹಾ ಕೊಡೋರ ತನಕ ಎಲ್ಲರೂ ಉಸಿರು ಬಿಗಿ ಹಿಡೀತಾರೆ. ಹಾಳಾದ್ರೆ ಮತ್ತೆ ಸಿಗಲ್ಲ ಅಂತ ಎಲ್ಲರಿಗೂ ಗೊತ್ತಿರುತ್ತೆ. ಆ ಭಯ ತೆರೆ ಮೇಲೆ ಕಾಣುತ್ತೆ. ಹೇಳಿ ಸರ್, ನೀವು ಯಾಕೆ ಇನ್ನೂ ಫಿಲ್ಮಲ್ಲೇ ತೆಗೀತೀರಿ?"

ಈ ಪ್ರಶ್ನೆಗೆ ಫೋಟೋಗ್ರಾಫರ್ ಸಾವಿರ ಸಲ ಉತ್ತರ ಕೊಟ್ಟಿದ್ದ. ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುತ್ತಿದ್ದ. ಕ್ಯಾಮೆರಾ ಕಿರ್‍ರೆಂದು ಓಡತೊಡಗಿತು.

"ಕಾಯಬೇಕು," ಎಂದ. "ಇದರಲ್ಲಿ ಕಾಯೋದು ಇದೆ. ತೆಗೆದ ಮೇಲೆ ಏನಾಗಿದೆ ಅಂತ ಗೊತ್ತಾಗಲ್ಲ. ಗೊತ್ತಾಗೋ ತನಕ... ಅದು ಚೆನ್ನಾಗೇ ಇರುತ್ತೆ."

"ಮತ್ತೆ?"

ಅವನು ಮಗಳ ಕಡೆ ನೋಡಿದ. ಮಗಳು ಅವನನ್ನೇ ನೋಡುತ್ತಿದ್ದಳು. ಅವನ ಕೈ ತಾನಾಗಿ ಜೇಬಿನ ಮೇಲೆ ಹೋಯಿತು. ಕ್ಯಾಮೆರಾ ಓಡುತ್ತಲೇ ಇತ್ತು, ಮೂರು ನಿಮಿಷದಲ್ಲಿ ಎರಡು ನಿಮಿಷ ಆತ ತುಟಿ ಪಿಟಕ್ಕೆನ್ನದೆ ಕೂತ. ಹುಡುಗಿ ನಿಲ್ಲಿಸಲಿಲ್ಲ. ಮುಗಿದ ಮೇಲೆ ಮೆಲ್ಲಗೆ, "ತುಂಬಾ ಚೆನ್ನಾಗಿ ಬಂದಿರುತ್ತೆ ಸರ್," ಎಂದಳು.

ಅವಳು ಹೋದ ಮೇಲೆ ಮಗ ಕೇಳಿದ. "ಗೊತ್ತಾಗೋ ತನಕ ಚೆನ್ನಾಗಿರುತ್ತೆ ಅಂದ್ರಲ್ಲ, ಅಕ್ಕ ಇನ್ನೆಷ್ಟು ದಿನ ಕಾಯಬೇಕು? ಅವತ್ತು ನನ್ನದನ್ನ ತಗೊಂಡು ಹೋಗಿದ್ರೆ ಈಗ ಗೋಡೆ ಮೇಲೆ ಇರ್ತಿತ್ತು."

"ನಿನ್ನ ಕೆಲಸ ನೋಡ್ಕೋ!" ಎಂದು ಫೋಟೋಗ್ರಾಫರ್ ಕಿರುಚಿದ. ಎದುರಿನ ಮನೆಯವರು ಕಿಟಕಿ ತೆರೆದು ನೋಡುವಷ್ಟು ಜೋರಾಗಿ ಕಿರುಚಿದ್ದ.

ಐದನೆಯ ವಾರ ಅಳಿಯನ ಫೋನ್ ಬಂತು: ಹಡಗು ಬೇಗ ಬರುತ್ತಿದೆ, ಹತ್ತೇ ದಿನ. "ಮಾವನಿಗೆ ಹೇಳು, ಬಂದ ತಕ್ಷಣ ನನಗೆ ಅವಳ ಮುಖ ತೋರಿಸಬೇಕು. ಬೇರೇನೂ ಬೇಡ ನನಗೆ," ಎಂದನಂತೆ. ಮಗಳು ಅದನ್ನು ಹಾಗೇ ಬಂದು ಒಪ್ಪಿಸಿದಳು. "ನಾಳೆ ನೀವು ತೊಳೀಲಿಲ್ಲ ಅಂದ್ರೆ ನಾನು ತೊಳೀತೀನಿ ಅಪ್ಪ. ಜೇಬಲ್ಲಿಟ್ಕೊಂಡು ಓಡಾಡ್ತಿದ್ದೀರಿ ಅಂತ ನನಗೆ ಗೊತ್ತು."

ಫೋಟೋಗ್ರಾಫರ್ ಆ ದಿನವಿಡೀ ಯೋಚಿಸಿ ಒಂದು ದಾರಿ ಕಂಡುಕೊಂಡ. ನಲವತ್ತು ವರ್ಷದ ವಿದ್ಯೆ ಅದಕ್ಕೆ ಉಪಯೋಗಕ್ಕೆ ಬಂತು, ಅದೇ ನಾಚಿಕೆಗೇಡು. ಫಿಲ್ಮನ್ನು ಸರಿಯಾಗಿ ತೊಳೆದರೆ ಚಿತ್ರವಿಲ್ಲದಿದ್ದರೂ ಅಂಚಿನಲ್ಲಿ ಕಂಪನಿಯವರು ಮುದ್ರಿಸಿದ ಅಂಕಿಗಳು ಮೂಡುತ್ತವೆ. ಅಂಕಿ ಇದ್ದು ಚಿತ್ರವಿಲ್ಲ ಎಂದರೆ ತಪ್ಪು ತೆಗೆದವನದು ಎಂದು ಮಗಳಿಗೆ ಕ್ಷಣದಲ್ಲಿ ತಿಳಿಯುತ್ತಿತ್ತು. ಅದನ್ನು ಓದಲು ಕಲಿಸಿದವನು ಅವನೇ. ಆದರೆ ಚಿತ್ರ ಮೂಡಿಸುವ ಡೆವಲಪರಿಗೆ ಮೊದಲೇ, ಕೊನೆಗೆ ಹಾಕಬೇಕಾದ ಹೈಪೋ ಸುರಿದರೆ ಅಂಕಿಯೂ ಅಳಿದು ಹೋಗಿ ಫಿಲ್ಮ್ ಗಾಜಿನ ಹಾಗೆ ಬೋಳಾಗುತ್ತದೆ. ಬಾಟಲಿ ಅದಲುಬದಲಾಯಿತು, ವಯಸ್ಸಾಯಿತು ನೋಡು, ಎನ್ನಬಹುದು. ಮುದುಕನ ಮರೆವು ಎಂದರೆ ಯಾರಾದರೂ ಕ್ಷಮಿಸುತ್ತಾರೆ.

ಮರುದಿನ ಎರಡು ಗಂಟೆಗೆ ಬಚ್ಚಲು ಸೇರಿ ಬಾಗಿಲು ಹಾಕಿಕೊಂಡ. ಮಗಳು ಹೊರಗೆ ಕುರ್ಚಿ ಹಾಕಿಕೊಂಡು ಕೂತಳು. ಒಳಗೆ ಅವನು ಕತ್ತಲಲ್ಲಿ ರೋಲಿನ ಡಬ್ಬಿ ಬಿಚ್ಚಿ ಫಿಲ್ಮನ್ನು ಕೈಗೆ ತೆಗೆದುಕೊಂಡ. ಟ್ಯಾಂಕಿನ ಸುರುಳಿಗೆ ಏರಿಸಬೇಕು. ಫಿಲ್ಮ್ ಜಾರಿ ಏರಲಿಲ್ಲ. ಮತ್ತೆ ಮತ್ತೆ ಪ್ರಯತ್ನಿಸಿದ. ಇಪ್ಪತ್ತು ನಿಮಿಷ ಕಳೆಯಿತು. ಮಗಳಿಗೆ ತಲೆ ಸುತ್ತಿ ಬಂದಂತಾಗಿ ಒಳಕೋಣೆಗೆ ಹೋಗಿ ಮಲಗಿದಳು. ಅದೇ ಹೊತ್ತಿಗೆ ಅಜ್ಜಿಗೆ ಅವಸರವಾಯಿತು.

"ಬಾಗಿಲು ತೆಗಿಯೋ."

ಒಳಗಿನಿಂದ ಉತ್ತರವಿಲ್ಲ.

"ನನಗೆ ಆಗ್ತಿಲ್ಲ ಕಣೇ," ಎಂದು ಅಜ್ಜಿ ಸೊಸೆಯ ಕೈ ಹಿಡಿದಳು. ನಿಂತಲ್ಲೇ ಅವಳ ಸೀರೆಯ ಅಂಚು ಒದ್ದೆಯಾಗುತ್ತಿತ್ತು. "ರೀ, ಅತ್ತೆಗೆ ತಡ್ಕೊಳ್ಳೋಕಾಗ್ತಿಲ್ಲ," ಎಂದು ಸೊಸೆ ಕೂಗಿದಳು. ಆಗಲೂ ಒಳಗೆ ಸದ್ದಿಲ್ಲ. ಈ ಮನುಷ್ಯ ಒಳಗೆ ಬಿದ್ದುಗಿದ್ದನೇನೋ ಎಂದು ಅವಳು ಹೆದರಿದಳು. ಚಿಲಕ ಮೊದಲೇ ಸಡಿಲ. ಭುಜ ಕೊಟ್ಟು ದೂಡಿದಳು, ಬಾಗಿಲು ತೆರೆದುಕೊಂಡಿತು. ನಡುಹಗಲಿನ ಬೆಳಕು ಬಚ್ಚಲಿಗೆ ನುಗ್ಗಿತು. ಫೋಟೋಗ್ರಾಫರನ ಎರಡು ಕೈಗಳ ನಡುವೆ ಫಿಲ್ಮ್ ಇಷ್ಟುದ್ದ ನೇತಾಡುತ್ತಿತ್ತು.

ಅವಳಿಗೆ ಅರ್ಥವಾಯಿತು. "ಅಯ್ಯೋ," ಎಂದು ಬಾಯಿಗೆ ಕೈ ಇಟ್ಟುಕೊಂಡಳು. "ಅದು ಅದೇನಾ? ರೀ, ಅದು ಮಗೂದಾ?"

ಅವನಿಗೆ ಆ ಕ್ಷಣ ಅನ್ನಿಸಿದ್ದು ನೆಮ್ಮದಿ. ನಿಜ ಹೇಳಬೇಕೆಂದರೆ ಅದೇ ಅನ್ನಿಸಿತು. ಇನ್ನು ಯಾರೂ ಯಾವತ್ತೂ ತಿಳಿಯಲಾರರು.

"ಹೋಯ್ತು," ಎಂದ.

ಅಷ್ಟೇ ಹೇಳಿದ್ದು. ಆ ಒಂದು ಮಾತನ್ನು ಯಾರು ಹೇಗೆ ಬೇಕಾದರೂ ತಿಳಿದುಕೊಳ್ಳಬಹುದಿತ್ತು, ಮತ್ತು ತಿಳಿದುಕೊಂಡರು.

ಮಗಳು ಅಳಲಿಲ್ಲ. ಬೆಳಕು ಬಿದ್ದ ಸುರುಳಿಯನ್ನು ಕೈಯಲ್ಲಿ ಹಿಡಿದು ತಾಯಿಯನ್ನು ನೋಡಿ, "ನಾಲ್ಕೇ ನಿಮಿಷ ಅಮ್ಮ. ನಾಲ್ಕು ನಿಮಿಷ ಕಾಯೋಕೆ ನಿನಗೆ ಏನಾಗಿತ್ತು?" ಎಂದಳು. ಆಮೇಲೆ ತಾಯಿಯ ಜೊತೆ ಮಾತು ಬಿಟ್ಟಳು. ತಾಯಿ ಬಡಿಸಿದ ಅನ್ನ ಮುಟ್ಟದೆ ತಾನೇ ಎದ್ದು ಹೋಗಿ ಬ್ರೆಡ್ಡು ತಿನ್ನುತ್ತಿದ್ದಳು. ಮಗ, "ನಲವತ್ತು ವರ್ಷದಿಂದ ಈ ಮನೇಲಿದ್ದೀಯ, ಆ ಬಾಗಿಲು ತೆಗೀಬಾರದು ಅಂತ ಗೊತ್ತಿಲ್ವಾ ಅಮ್ಮ?" ಎಂದ. ಅವಳು ಯಾರಿಗೂ ಎದುರು ಮಾತಾಡಲಿಲ್ಲ. ಹೊಲಿಗೆ ಯಂತ್ರದ ಮುಂದೆ ಕೂತು ಕಾಲರುಗಳನ್ನು ತಿರುವುಮುರುವು ಹೊಲಿದು, ಬಿಚ್ಚಿ, ಮತ್ತೆ ಹೊಲಿಯುತ್ತಿದ್ದಳು.

ಫೋಟೋಗ್ರಾಫರ್ ಈ ಎಲ್ಲದರ ನಡುವೆ ತಲೆ ತಗ್ಗಿಸಿ ಊಟ ಮಾಡುತ್ತಿದ್ದ. ಒಮ್ಮೆ ಮಾತ್ರ, "ಅವಳನ್ನ ಯಾಕೆ ಅಂತೀರಿ, ಬಿಡಿ," ಎಂದ. ಎಷ್ಟು ದೊಡ್ಡ ಮನಸ್ಸು ಈ ಮನುಷ್ಯನದು ಎಂಬಂತೆ ಹೆಂಡತಿ ಅವನತ್ತ ನೋಡಿದಳು. ಆ ನೋಟ ತಡೆಯಲಾರದೆ ಅವನು ಕೈ ತೊಳೆಯಲು ಎದ್ದ.

ಅಜ್ಜಿಯ ವಿಷಯ ಯಾರ ಗಮನಕ್ಕೂ ಬಂದಿರಲಿಲ್ಲ. ಅವಳು ಆ ದಿನದಿಂದ ನೀರು ಕುಡಿಯುವುದನ್ನೇ ಕಮ್ಮಿ ಮಾಡಿದ್ದಳು. ಬೆಳಗಿನ ಚಹಾ ಬೇಡವೆಂದಳು. ಲೋಟದ ನೀರನ್ನು ಯಾರೂ ನೋಡದಾಗ ಕಿಟಕಿಯ ಕುಂಡಕ್ಕೆ ಸುರಿಯುತ್ತಿದ್ದಳು. ಎಂಟನೆಯ ದಿನ ಮಧ್ಯಾಹ್ನ ಊಟಕ್ಕೆ ಕೂತವಳು ತುತ್ತು ಎತ್ತುತ್ತಲೇ ಪಕ್ಕಕ್ಕೆ ವಾಲಿದಳು. ತುಟಿ ಬಿರುಕು ಬಿಟ್ಟಿತ್ತು, ನಾಲಿಗೆ ಒಣಗಿತ್ತು. ಕೆಳಗಿನ ಮನೆಯ ಕಾಂಪೌಂಡರ್ ಬಂದು ಕೈ ಹಿಡಿದು ನೋಡಿ, "ಇವ್ರು ನೀರೇ ಕುಡಿದಿಲ್ಲ. ಏನು ನೋಡ್ಕೋತೀರಿ ನೀವು?" ಎಂದು ಬೈದು, ಉಪ್ಪು ಸಕ್ಕರೆ ನೀರು ಚಮಚದಲ್ಲಿ ಕುಡಿಸಲು ಹೇಳಿ ಹೋದ.

"ಯಾಕೆ ಅತ್ತೆ ಹೀಗೆ ಮಾಡಿದ್ರಿ?" ಎಂದು ಸೊಸೆ ಚಮಚ ಹಿಡಿದುಕೊಂಡೇ ಅತ್ತಳು.

"ಕುಡಿದ್ರೆ ಹೋಗ್ಬೇಕಾಗುತ್ತಲ್ಲೇ," ಎಂದಳು ಅಜ್ಜಿ. "ನಾನು ಇನ್ನೊಂದು ಗಳಿಗೆ ತಡ್ಕೊಂಡಿದ್ರೆ ಆ ಕೂಸು ಉಳೀತಿತ್ತು. ಬೈಸಿಕೊಂಡಿದ್ದು ನೀನು. ಮಾಡಿದ್ದು ನಾನು."

ಫೋಟೋಗ್ರಾಫರ್ ಬಾಗಿಲ ಹತ್ತಿರ ನಿಂತಿದ್ದ. ಗೋಡೆ ಹಿಡಿದು ನೆಲಕ್ಕೆ ಕೂತ.

"ಅದರಲ್ಲಿ ಏನೂ ಇರಲಿಲ್ಲ," ಎಂದ.

ಯಾರೂ ತಿರುಗಲಿಲ್ಲ. ಮತ್ತೆ ಹೇಳಿದ. "ಆ ರೋಲಲ್ಲಿ ಏನೂ ಇರ್ಲಿಲ್ಲ ಅಮ್ಮ. ನೀನು ತಡ್ಕೊಂಡಿದ್ರೂ ಏನೂ ಬರ್ತಿರ್ಲಿಲ್ಲ. ಗ್ಲೌಸ್ ಹಾಕಿದ್ರು, ನನಗೆ ಕೈಗೆ ಗೊತ್ತಾಗ್ಲಿಲ್ಲ. ಫಿಲ್ಮ್ ಸಿಕ್ಕಿಕೊಂಡೇ ಇರ್ಲಿಲ್ಲ. ಮೂವತ್ತಾರೂ ಸುಮ್ನೆ ಹೊಡೆದೆ."

"ಯಾವಾಗ ಗೊತ್ತಾಯ್ತು?" ಮಗಳು ಕೇಳಿದಳು.

"ಅವತ್ತೇ. ಸಂಜೆ."

"ಅವತ್ತೇ ಅಂದ್ರೆ ಒಂಬತ್ತನೇ ದಿನ." ಅವಳ ಧ್ವನಿ ಏರಲಿಲ್ಲ. "ಇನ್ನೂ ಎರಡು ದಿನ ಇದ್ಳು ಅಪ್ಪ ಅವಳು. ಹೇಳಿದ್ರೆ ನಾನು ಒಂದು ಫೋನನ್ನ ಸೆರಗಿನೊಳಗೆ ಇಟ್ಕೊಂಡು ಹೋಗ್ತಿದ್ದೆ. ಸಿಕ್ಕಿಬಿದ್ರೆ ಬೈಸ್ಕೋತಿದ್ದೆ. ಎರಡು ದಿನ ಅವಳ ಪಕ್ಕ ಕೈ ಕಟ್ಕೊಂಡು ಕೂತಿದ್ದೆ, ಅಪ್ಪ ತೆಗೆದಿದ್ದಾರಲ್ಲ ಅಂತ."

ಮಗ ಎದುರಿಗೇ ಇದ್ದ. ಅವನು ಬಯ್ಯಬಹುದಿತ್ತು, ಅದಕ್ಕೆ ಅವನಿಗೆ ಹಕ್ಕಿತ್ತು. ಅವನು ಮುಖ ತಿರುಗಿಸಿಕೊಂಡು ಬಾಲ್ಕನಿಗೆ ಹೋಗಿ ನಿಂತ. ಅದು ಬೈಗುಳಕ್ಕಿಂತ ಹೆಚ್ಚಾಗಿ ನೋಯಿಸಿತು.

ಹೆಂಡತಿ ಅತ್ತೆಯ ಬಾಯಿಗೆ ಇನ್ನೊಂದು ಚಮಚ ನೀರು ಹಾಕಿ, ಬಾಯಿ ಒರೆಸಿ, ಆಮೇಲೆ ಮಾತಾಡಿದಳು. "ಎಂಟು ದಿನ ರೀ. ಎಂಟು ದಿನ ನಾನು ನನ್ನ ಈ ಕೈ ನೋಡ್ಕೊಂಡು ಅತ್ತಿದ್ದೀನಿ. ಎದುರಿಗೇ ಕೂತು ಉಂಡ್ರಲ್ಲ ನೀವು." ಆ ರಾತ್ರಿ ಎಲ್ಲರಿಗೂ ಬಡಿಸಿದಳು. ಅವನ ಮುಂದೆ ಮಾತ್ರ ಬಡಿಸದೆ ಪಾತ್ರೆ ಇಟ್ಟು ಹೋದಳು. ಮಗಳು 'ಅಮ್ಮ, ನೀನೂ ಬಾ' ಎಂದು ಕರೆದದ್ದು ಅಡುಗೆಮನೆಯಿಂದ ಅವನಿಗೆ ಕೇಳಿಸಿತು.

ಎರಡು ದಿನದ ಮೇಲೆ ಅಳಿಯ ಬಂದ. ಹೆಗಲಿಗೆ ಹಡಗಿನ ದೊಡ್ಡ ಚೀಲ, ಬಿಸಿಲಿಗೆ ಕಪ್ಪಾದ ಮುಖ. ಒಳಗೆ ಬಂದವನು ಹೆಂಡತಿಯ ಕೈ ಹಿಡಿದುಕೊಂಡು ಬಹಳ ಹೊತ್ತು ನಿಂತ. ಚಹಾ ತಂದುಕೊಟ್ಟರು. ಕುಡಿಯಲಿಲ್ಲ.

"ಮಾವ, ತೋರಿಸಿ," ಎಂದ.

ನಿಜವನ್ನು ಹೇಳಿದವನು ಫೋಟೋಗ್ರಾಫರನೇ. ಗ್ಲೌಸು, ಸೀಳು, ಬಚ್ಚಲು, ಎಂಟು ದಿನ, ಯಾವುದನ್ನೂ ಬಿಡದೆ ಹೇಳಿದ. ಅಳಿಯ ಪೂರ್ತಿ ಕೇಳಿದ. ಸಿಟ್ಟಾಗುವುದಕ್ಕೂ ಅವನಲ್ಲಿ ತ್ರಾಣ ಇದ್ದಂತೆ ಕಾಣಲಿಲ್ಲ.

"ಒಂದೂ ಇಲ್ವಾ ಮಾವ?" ಎಂದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳಿದ. "ಒಂದು, ಮಸುಕಾಗಿದ್ರೂ ಪರವಾಗಿಲ್ಲ, ಒಂದೂ ಇಲ್ವಾ?"

ಅಜ್ಜಿ ಮಂಚದ ಮೇಲಿಂದ ಕಣ್ಣೊರೆಸಿಕೊಂಡಳು. ಆಗ ಮಗಳು ಒಂದು ಕುರ್ಚಿ ಎಳೆದು ಗಂಡನ ಎದುರಿಗೆ ಹಾಕಿ, ಅಪ್ಪನಿಗೆ ಕೂರಲು ಹೇಳಿದಳು.

"ನೀವು ನೋಡಿದ್ದೀರಲ್ಲ," ಎಂದಳು. "ಇವ್ರಿಗೆ ಹೇಳಿ. ಒಂದನೇದ್ರಿಂದ ಹೇಳಿ."

ಫೋಟೋಗ್ರಾಫರ್ ಕೂತ. ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡ.

"ಒಂದನೇದು ದೂರದಿಂದ. ಪೂರ್ತಿ ಪೆಟ್ಟಿಗೆ. ಗಾಜಿನ ಮೇಲೆ ಇವಳ ನೆರಳು ಬಿದ್ದಿತ್ತು. ಎರಡನೇದು ಬಲಗೈ. ಪಟ್ಟಿ ಹಾಕಿದ್ರು, ಬೆರಳು ಮಾತ್ರ ಹೊರಗಿತ್ತು. ಮೂರನೇದೂ ಅದೇ ಕೈ, ಮುಷ್ಟಿ ಹಿಡಿದಾಗ. ನಾಲ್ಕನೇದು ಪಾದ. ನನ್ನ ಹೆಬ್ಬೆರಳಿನಷ್ಟಿತ್ತು. ಹಿಮ್ಮಡಿ ಕೆಂಪಗಿತ್ತು. ಐದು... ಐದರಲ್ಲಿ ಕಿವಿ. ಎಡಗಿವಿ ಮಡಚಿಕೊಂಡಿತ್ತು, ಇವಳದೂ ಹುಟ್ಟಿದಾಗ ಹಾಗೇ ಇತ್ತು."

ಅಳಿಯ ಮುಂದಕ್ಕೆ ಬಗ್ಗಿ ಕೂತಿದ್ದ. ಒಂದೊಂದು ಸಂಖ್ಯೆಗೂ ಅವನ ತುಟಿ ಅಲ್ಲಾಡುತ್ತಿತ್ತು. ಮಗ ಬಾಲ್ಕನಿಯಿಂದ ಒಳಗೆ ಬಂದು ಗೋಡೆಗೆ ಒರಗಿ ನಿಂತ. ಫೋಟೋಗ್ರಾಫರ್ ಹನ್ನೊಂದರ ತನಕ ತಡವರಿಸದೆ ಹೇಳಿದ. ಹನ್ನೆರಡರಲ್ಲಿ ಸಿಸ್ಟರ್‌ಳ ಕೈ ಅಡ್ಡ ಬಂದಿತ್ತು. ಹದಿಮೂರಕ್ಕೆ ನಿಂತ. ಹಣೆ ಉಜ್ಜಿಕೊಂಡ. ಏನೂ ನೆನಪಾಗಲಿಲ್ಲ, ಮುಂದೆ ಬರೀ ಉಸಿರು ಹಿಡಿದದ್ದು, ಗುಂಡಿ ಒತ್ತಿದ್ದು, ಅಷ್ಟೇ ಇತ್ತು. ಎದುರಿಗೆ ಅಳಿಯ ಕಾಯುತ್ತಿದ್ದ.

"ಹದಿಮೂರು," ಎಂದ ಅಳಿಯ.

"ಹದಿಮೂರಲ್ಲಿ... ಹದಿಮೂರರಲ್ಲಿ ಕಣ್ಣು ಬಿಟ್ಟಿದ್ಳು."

ಹನ್ನೊಂದು ದಿನಗಳಲ್ಲಿ ಆ ಮಗು ಒಮ್ಮೆಯೂ ಕಣ್ಣು ಬಿಟ್ಟಿರಲಿಲ್ಲ. ಪೆಟ್ಟಿಗೆಯ ದೀಪದ ಬೆಳಕು ತಾಗದಂತೆ ಅದರ ಕಣ್ಣಿನ ಮೇಲೆ ಸದಾ ಒಂದು ಬಿಳಿ ಪಟ್ಟಿ ಇರುತ್ತಿತ್ತು. ಅದು ಅವನಿಗೆ ಗೊತ್ತಿತ್ತು, ಮಗಳಿಗೆ ಗೊತ್ತಿತ್ತು. ಮಗಳು ತಲೆಯೆತ್ತಿ ಅಪ್ಪನನ್ನು ನೋಡಿದಳು.

"ಕಣ್ಣು ಯಾರ ಥರ ಇತ್ತು ಮಾವ?"

ಫೋಟೋಗ್ರಾಫರ್ ಬಾಯಿ ತೆರೆದ. ಮಗಳ ಕಡೆ ನೋಡಿದ.

"ನಿಮ್ಮ ಥರಾನೇ ರೀ," ಎಂದಳು ಮಗಳು. "ಅಪ್ಪ, ಹದಿನಾಲ್ಕು ಹೇಳಿ."